‘ಗೊತ್ತಿಲ್ಲ’ ಎಂದವರನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ಸ್ಲೊವೇನಿಯಾ ಜನಮತಗಣನೆ, 1990: ಒಂದು ಪ್ರಕರಣ ಅಧ್ಯಯನ

1990ರ ಡಿಸೆಂಬರ್ 23ರ ಭಾನುವಾರ, ಆಗಿನ ಯುಗೊಸ್ಲಾವಿಯಾ ಒಕ್ಕೂಟದ ವಾಯವ್ಯ ಮೂಲೆಯಲ್ಲಿದ್ದ ಸ್ಲೊವೇನಿಯಾ ಗಣರಾಜ್ಯದ ಮತದಾರರ ಮುಂದೆ ಒಂದೇ ಒಂದು ಪ್ರಶ್ನೆಯಿತ್ತು: ಸ್ಲೊವೇನಿಯಾ ಸ್ವತಂತ್ರವೂ ಸಾರ್ವಭೌಮವೂ ಆದ ದೇಶವಾಗಬೇಕೆ? ಸುಮಾರು 20 ಲಕ್ಷ ಜನಸಂಖ್ಯೆಯ ಆ ಪುಟ್ಟ ನಾಡು ಅದಕ್ಕಾಗಿ ಅದೇ ತಿಂಗಳ 6ರಂದು ಪ್ರತ್ಯೇಕ ಕಾನೂನನ್ನೇ ಮಾಡಿಕೊಂಡಿತ್ತು. ಆ ಕಾನೂನಿನ ಒಂದು ಷರತ್ತು ಈ ಪ್ರಕರಣಕ್ಕೆಲ್ಲ ಮೂಲ. ಪ್ರಸ್ತಾವ ಗೆಲ್ಲಬೇಕಾದರೆ ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ‘ಹೌದು’ ಎಂದರೆ ಸಾಲದು. ಮತದಾನದ ಹಕ್ಕುಳ್ಳ ಒಟ್ಟು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮತಗಟ್ಟೆಗೆ ಬಂದು ‘ಹೌದು’ ಎನ್ನಬೇಕು. ಆದ್ದರಿಂದ ಮನೆಯಲ್ಲೇ ಉಳಿದವನ ಮೌನವೂ ‘ಇಲ್ಲ’ ಎಂದೇ ಎಣಿಕೆಯಾಗುತ್ತಿತ್ತು.

ರಾಜಧಾನಿ ಲ್ಯುಬ್ಲ್ಯಾನಾದ ವಿಶ್ವವಿದ್ಯಾಲಯದ ಸಮಾಜವಿಜ್ಞಾನಿಗಳು 1968ರಿಂದ ನಡೆಸಿಕೊಂಡು ಬಂದಿದ್ದ ‘ಸ್ಲೊವೇನಿಯಾ ಸಾರ್ವಜನಿಕ ಅಭಿಪ್ರಾಯ’ ಸಮೀಕ್ಷೆಯ ಒಂದು ಸುತ್ತು ಜನಮತಗಣನೆಗೆ ಮುಂಚಿನ ಕೆಲವೇ ವಾರಗಳಲ್ಲಿ ನಡೆಯಿತು. ಅದರಲ್ಲಿ 2074 ಮಂದಿಗೆ ಮೂರು ಹೆಚ್ಚುವರಿ ಪ್ರಶ್ನೆಗಳನ್ನು ಕೇಳಲಾಯಿತು. ನೀವು ಸ್ಲೊವೇನಿಯಾದ ಸ್ವಾತಂತ್ರ್ಯದ ಪರವೇ? ಯುಗೊಸ್ಲಾವಿಯಾದಿಂದ ಬೇರ್ಪಡುವುದರ ಪರವೇ? ಜನಮತಗಣನೆಯಲ್ಲಿ ಭಾಗವಹಿಸುವಿರಾ? ಮೊದಲ ಎರಡು ಪ್ರಶ್ನೆಗಳು ಒಂದೇ ಎಂದು ಇಂದು ನಮಗೆ ಅನಿಸಬಹುದು, ಆದರೆ ಆಗ ಹಾಗಿರಲಿಲ್ಲ. ಗಣರಾಜ್ಯಗಳು ಸ್ವತಂತ್ರವಾಗಿದ್ದುಕೊಂಡೇ ಸಡಿಲವಾದ ಕೂಟವೊಂದರಲ್ಲಿ ಒಟ್ಟಿಗಿರಬಹುದೆಂಬ ಪ್ರಸ್ತಾವವನ್ನು ಸ್ಲೊವೇನಿಯಾ ಮತ್ತು ಕ್ರೊಯೇಷಿಯಾ ಅದೇ ವರ್ಷ ಮುಂದಿಟ್ಟಿದ್ದವು. ಹೀಗಾಗಿ ಸ್ವಾತಂತ್ರ್ಯಕ್ಕೆ ‘ಹೌದು’, ಬೇರ್ಪಡುವುದಕ್ಕೆ ‘ಇಲ್ಲ’ ಎನ್ನುವುದರಲ್ಲಿ ಯಾವ ವಿರೋಧಾಭಾಸವೂ ಇರಲಿಲ್ಲ. ಮತ ಹಾಕಲು ಹೋಗುವೆವೆಂದವರಲ್ಲೇ 158 ಮಂದಿ ಹಾಗೆ ಉತ್ತರಿಸಿದ್ದಾರೆ.

ಮೂರೂ ಪ್ರಶ್ನೆಗಳಿಗೆ ‘ಹೌದು’, ‘ಇಲ್ಲ’ ಎಂಬುದರ ಜೊತೆಗೆ ‘ಗೊತ್ತಿಲ್ಲ’ ಎಂಬ ಉತ್ತರವೂ ಬಂತು. ಸ್ವಾತಂತ್ರ್ಯದ ಪ್ರಶ್ನೆಗೆ 327 ಮಂದಿ, ಭಾಗವಹಿಸುವ ಪ್ರಶ್ನೆಗೆ 334 ಮಂದಿ, ಬೇರ್ಪಡುವ ಪ್ರಶ್ನೆಗೆ 352 ಮಂದಿ ಹಾಗೆಂದರು. ಆರರಲ್ಲಿ ಒಬ್ಬರೆಂದು ಹಿಡಿಯಬಹುದಾದ ಈ ಪಾಲನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂಬುದೇ ಇಲ್ಲಿನ ಪ್ರಶ್ನೆ. 1995ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಡೊನಾಲ್ಡ್ ರೂಬಿನ್, ಹಾಲ್ ಸ್ಟರ್ನ್ ಮತ್ತು ಲ್ಯುಬ್ಲ್ಯಾನಾದ ವಾಸ್ಯಾ ವೆಹೊವಾರ್ ಈ ದತ್ತಾಂಶವನ್ನು ವಿಶ್ಲೇಷಿಸಿ ಪ್ರಕಟಿಸಿದ ಮೇಲೆ ಇದು ಸಂಖ್ಯಾಶಾಸ್ತ್ರದ ತರಗತಿಗಳಿಗೆ ಪರಿಚಿತ ಉದಾಹರಣೆಯಾಯಿತು. ಸಮೀಕ್ಷೆಯ ಊಹೆಗಳನ್ನು ಒರೆಗೆ ಹಚ್ಚಲು ಇಡೀ ನಾಡಿನ ನಿಜವಾದ ಫಲಿತಾಂಶವೇ ಕೈಯಲ್ಲಿರುವ ಪ್ರಕರಣಗಳು ಅಪರೂಪ. ಇದರ ಬೆಲೆ ಇರುವುದು ಅಲ್ಲಿ.

ಕೋಷ್ಟಕ

ಬೇರ್ಪಡುವ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಟ್ಟರೆ 2074 ಮಂದಿಯ ಉತ್ತರಗಳು ಹೀಗೆ ಹಂಚಿಹೋಗುತ್ತವೆ.

| | ಸ್ವಾತಂತ್ರ್ಯ: ಹೌದು | ಸ್ವಾತಂತ್ರ್ಯ: ಇಲ್ಲ | ಸ್ವಾತಂತ್ರ್ಯ: ಗೊತ್ತಿಲ್ಲ |
|---|---|---|---|
| ಭಾಗವಹಿಸುವೆ | 1439 | 78 | 159 |
| ಭಾಗವಹಿಸುವುದಿಲ್ಲ | 16 | 16 | 32 |
| ಗೊತ್ತಿಲ್ಲ | 144 | 54 | 136 |

ನಮಗೆ ಬೇಕಾಗಿರುವುದು ಎಡ ಮೇಲ್ಮೂಲೆಯ ಮನೆ, ಅಂದರೆ ಬಂದು ‘ಹೌದು’ ಎನ್ನುವವರ ಪಾಲು. ಕಾನೂನಿನ ಲೆಕ್ಕದಲ್ಲಿ ಉಳಿದವರೆಲ್ಲರೂ ಒಂದೇ.

ಲೆಕ್ಕಕ್ಕೆ ಇಳಿಯುವ ಮೊದಲು ಒಂದು ಮಾತನ್ನು ತೀರ್ಮಾನಿಸಿಕೊಳ್ಳಬೇಕು. ‘ಗೊತ್ತಿಲ್ಲ’ ಎಂಬುದು ಒಂದು ಉತ್ತರವೋ ಅಥವಾ ಉತ್ತರವೊಂದು ನಮ್ಮ ಕೈಗೆ ಸಿಗದೆ ಹೋದದ್ದರ ಗುರುತೋ? ಗೊಬ್ಬರದ ಸಬ್ಸಿಡಿ ನೀತಿಯ ಬಗ್ಗೆ ನಿಮ್ಮ ಅಭಿಪ್ರಾಯವೇನೆಂದು ಕೇಳಿದಾಗ ಯಾರಾದರೂ ‘ಗೊತ್ತಿಲ್ಲ’ ಎಂದರೆ ಅದು ಪೂರ್ಣ ಉತ್ತರವಾಗಿರಬಹುದು. ಆ ವ್ಯಕ್ತಿಗೆ ಆ ವಿಷಯದಲ್ಲಿ ಅಭಿಪ್ರಾಯವೇ ಇರದಿರಬಹುದು. ಅಂಥವರಿಗೆ ಗಣಿತದ ಬಲದಿಂದ ಒಂದು ಅಭಿಪ್ರಾಯವನ್ನು ಹೊರಿಸುವುದು ಸುಳ್ಳು ಲೆಕ್ಕ ಬರೆದಂತೆ. ಆದರೆ ಜನಮತಗಣನೆಯ ದಿನ ‘ಗೊತ್ತಿಲ್ಲ’ ಎಂಬ ಆಯ್ಕೆ ಇಲ್ಲ. ಪ್ರತಿಯೊಬ್ಬ ಮತದಾರನೂ ಸಂಜೆಯ ಹೊತ್ತಿಗೆ ಒಂದೋ ಬಂದು ‘ಹೌದು’ ಎಂದಿರುತ್ತಾನೆ, ಇಲ್ಲವೇ ಅದಲ್ಲದ ಗುಂಪಿಗೆ ಸೇರಿರುತ್ತಾನೆ. ಹೀಗಿರುವಾಗ ಇಂದಿನ ‘ಗೊತ್ತಿಲ್ಲ’ದ ಹಿಂದೆ ನಾಳೆಯ ಒಂದು ನಡೆ ಖಂಡಿತ ಇದೆಯೆಂದು ಭಾವಿಸಿ, ಅದನ್ನು ಬಿಟ್ಟುಹೋದ ದತ್ತಾಂಶವೆಂದು ಪರಿಗಣಿಸಿ ಅಂದಾಜು ಮಾಡುವುದು ಸಮರ್ಥನೀಯ. ನಮ್ಮ ಕಡೆ ಚುನಾವಣೆಯ ಹೊತ್ತಿನಲ್ಲಿ ಯಾರಿಗೆ ಮತವೆಂದು ಕೇಳಿದರೆ ‘ನೋಡೋಣ ಬಿಡಿ’ ಎನ್ನುವವರಲ್ಲಿ ನಿಜಕ್ಕೂ ತೀರ್ಮಾನಿಸದವರೂ ಇರುತ್ತಾರೆ, ತೀರ್ಮಾನಿಸಿಯೂ ಹೇಳಲೊಲ್ಲದವರೂ ಇರುತ್ತಾರೆ. ಮತಪೆಟ್ಟಿಗೆಗೆ ಆ ವ್ಯತ್ಯಾಸ ಕಾಣುವುದಿಲ್ಲ, ಸಮೀಕ್ಷೆ ಮಾಡುವವನಿಗೆ ಮಾತ್ರ ಅದೇ ತಲೆನೋವು.

ಎರಡು ತುದಿಗಳು

ಯಾವ ಊಹೆಯನ್ನೂ ಮಾಡದೆ ಎಷ್ಟು ಹೇಳಬಹುದು? ಸಂಶಯವಿದ್ದವರೆಲ್ಲ ಕೈಕೊಟ್ಟರೆಂದು ಇಟ್ಟುಕೊಂಡರೆ ಉಳಿಯುವುದು 2074ರಲ್ಲಿ 1439, ಅಂದರೆ ಶೇ 69.4. ಇನ್ನೊಂದು ತುದಿಯಲ್ಲಿ, ‘ಹೌದು’ ಆಗಲು ಅವಕಾಶವಿರುವವರೆಲ್ಲರೂ ಹೌದೆಂದರೆಂದು ಇಟ್ಟುಕೊಂಡರೆ 1439ಕ್ಕೆ 159, 144 ಮತ್ತು 136 ಸೇರಿ 1878 ಆಗುತ್ತದೆ. ಅದು ಶೇ 90.5. ನಿಜವಾದ ಪಾಲು, ಸ್ಯಾಂಪಲ್‌ನ ತಪ್ಪನ್ನು (ಎಲ್ಲರ ಬದಲು ಆಯ್ದ ಕೆಲವರನ್ನಷ್ಟೇ ಕೇಳಿದ್ದರಿಂದ ಬರುವ ವ್ಯತ್ಯಾಸವನ್ನು) ಬಿಟ್ಟರೆ, ಈ ಎರಡರ ನಡುವೆ ಎಲ್ಲಾದರೂ ಇರಬೇಕು.

21 ಶೇಕಡಾ ಅಂಶಗಳ ಈ ಅಂತರ ವಿಪರೀತವೆನಿಸಬಹುದು. ಆದರೆ ಕಾನೂನು ಕೇಳಿದ್ದು ಅರ್ಧಕ್ಕಿಂತ ಹೆಚ್ಚು ಇದೆಯೇ ಎಂಬುದನ್ನು ಮಾತ್ರ. ಅತ್ಯಂತ ನಿರಾಶಾದಾಯಕ ಲೆಕ್ಕವೂ ಆ ಗೆರೆಯಿಂದ 19 ಅಂಶ ಮೇಲಿದೆ. ಇಷ್ಟು ದೊಡ್ಡ ಸ್ಯಾಂಪಲ್‌ಗೆ, ಚೀಟಿ ಎತ್ತಿದಂತೆ ನಡೆದ ಸರಳ ಯಾದೃಚ್ಛಿಕ ಆಯ್ಕೆಯೆಂದು ಹಿಡಿದರೆ, ಏರುಪೇರು ಎರಡು ಅಂಶದ ಆಸುಪಾಸಿನಲ್ಲಿರುತ್ತದೆ. ಹೀಗಾಗಿ ಪ್ರಸ್ತಾವ ಗೆಲ್ಲುವುದೇ ಎಂಬ ಪ್ರಶ್ನೆಗೆ ಯಾವ ಸೂಕ್ಷ್ಮ ವಿಧಾನವೂ ಬೇಕಿರಲಿಲ್ಲ. ಕೂಡಿಸಿ ಕಳೆಯಲು ಬಂದರೆ ಸಾಕಿತ್ತು. ಸಮೀಕ್ಷೆಗಳ ವರದಿಯಲ್ಲಿ ಈ ಎರಡು ತುದಿಗಳನ್ನು ಮೊದಲು ಕೊಟ್ಟು ಆಮೇಲೆ ಬೇರೆ ಅಂದಾಜುಗಳಿಗೆ ಹೋಗುವ ಪದ್ಧತಿ ಯಾಕೆ ಬೇರೂರಲಿಲ್ಲವೋ, ನನಗೆ ಇದುವರೆಗೂ ಅರ್ಥವಾಗಿಲ್ಲ. ಆದರೂ ಗೆಲುವಿನ ಅಂತರವೆಷ್ಟು ಎಂಬುದು ಹುಸಿ ಕುತೂಹಲವಾಗಿರಲಿಲ್ಲ. ಒಕ್ಕೂಟದ ಎದುರು, ಹೊರಗಿನ ದೇಶಗಳ ಎದುರು ನಿಲ್ಲಬೇಕಾದ ನಾಡಿಗೆ ಶೇ 70ರ ಬೆಂಬಲಕ್ಕೂ ಶೇ 90ರ ಬೆಂಬಲಕ್ಕೂ ಬಹಳ ವ್ಯತ್ಯಾಸವಿತ್ತು.

ನಿಷ್ಪಕ್ಷವೆಂದು ತೋರುವ ಲೆಕ್ಕ

ಇಂಥ ಸಂದರ್ಭದಲ್ಲಿ ಪತ್ರಿಕೆಗಳೂ ಅನೇಕ ಸಮೀಕ್ಷಾ ಸಂಸ್ಥೆಗಳೂ ಮಾಡುವುದು ಒಂದೇ ಕೆಲಸ: ‘ಗೊತ್ತಿಲ್ಲ’ ಎಂದವರನ್ನು ತೆಗೆದುಹಾಕಿ, ಉಳಿದವರನ್ನು ನೂರೆಂದು ಭಾವಿಸಿ ಶೇಕಡಾವಾರು ಹೇಳುವುದು. ಯಾರ ಬಾಯಿಗೂ ಮಾತು ತುರುಕಿಲ್ಲವಲ್ಲ ಎಂಬ ಸಮಾಧಾನ ಅದರಲ್ಲಿದೆ. ಈ ಕೋಷ್ಟಕದಲ್ಲಿ ಹಾಗೆ ಮಾಡಿದರೆ ಎರಡೂ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಕೊಟ್ಟ 1549 ಮಂದಿ ಉಳಿಯುತ್ತಾರೆ, ಅವರಲ್ಲಿ 1439 ಮಂದಿ ನಮಗೆ ಬೇಕಾದ ಮನೆಯಲ್ಲಿದ್ದಾರೆ. ಪಾಲು ಶೇ 92.9.

ಈ ಅಂಕಿಯನ್ನು ಮತ್ತೊಮ್ಮೆ ನೋಡಬೇಕು. ಅತ್ಯಂತ ಆಶಾದಾಯಕ ಲೆಕ್ಕ ಕೊಟ್ಟದ್ದು ಶೇ 90.5. ಸಂಶಯದಲ್ಲಿದ್ದ ಪ್ರತಿಯೊಬ್ಬರೂ ಎದ್ದು ಬಂದು ‘ಹೌದು’ ಎಂದರೂ ತಲುಪಲಾಗದ ಎತ್ತರವನ್ನು, ಯಾರ ಬಗ್ಗೆಯೂ ಏನನ್ನೂ ಊಹಿಸಿಲ್ಲವೆಂದು ಹೇಳಿಕೊಳ್ಳುವ ಲೆಕ್ಕ ದಾಟಿಬಿಟ್ಟಿದೆ. ಅದು ಬರಿಯ ತಪ್ಪು ಅಂದಾಜಲ್ಲ, ಅದೇ 2074 ಹಾಳೆಗಳು ಅಸಾಧ್ಯವೆಂದು ಸಾರುವ ಅಂದಾಜು.

ಇದು ಹೇಗಾಯಿತೆಂಬುದು ಈ ಪ್ರಕರಣದ ಅತಿ ಮುಖ್ಯ ಪಾಠವೆಂದು ನಾನು ತಿಳಿದಿದ್ದೇನೆ. ‘ಬಂದು ಹೌದು ಎನ್ನುವವರು’ ಎಂಬ ಗುಂಪಿಗೆ ಒಬ್ಬರನ್ನು ಸೇರಿಸಲು ಎರಡೂ ಪ್ರಶ್ನೆಗಳ ಉತ್ತರ ಬೇಕು. ಆದರೆ ಒಬ್ಬರನ್ನು ಆ ಗುಂಪಿನಿಂದ ಹೊರಗಿಡಲು ಒಂದೇ ಉತ್ತರ ಸಾಕು. ಬರುವುದಿಲ್ಲವೆಂದು ಹೇಳಿ ಸ್ವಾತಂತ್ರ್ಯದ ಬಗ್ಗೆ ‘ಗೊತ್ತಿಲ್ಲ’ ಎಂದ 32 ಮಂದಿಯ ವಿಷಯದಲ್ಲಿ, ಸ್ವಾತಂತ್ರ್ಯ ಬೇಡವೆಂದು ಹೇಳಿ ಬರುವ ಬಗ್ಗೆ ‘ಗೊತ್ತಿಲ್ಲ’ ಎಂದ 54 ಮಂದಿಯ ವಿಷಯದಲ್ಲಿ ನಮಗೆ ಯಾವ ಅನುಮಾನವೂ ಇಲ್ಲ. ಅವರ ಮಾತಿನ ಪ್ರಕಾರವೇ ಅವರು ಆ ಗುಂಪಿನವರಲ್ಲ. ಹೀಗೆ ಖಚಿತವಾಗಿ ಹೊರಗಿರುವವರು ಕೋಷ್ಟಕದಲ್ಲಿ ಒಟ್ಟು 196. ಅಪೂರ್ಣ ಹಾಳೆಗಳನ್ನು ಎಸೆದಾಗ ಇವರಲ್ಲಿ 86 ಮಂದಿ ಕಸದ ಬುಟ್ಟಿಗೆ ಹೋದರು, ಖಚಿತವಾಗಿ ಒಳಗಿದ್ದ 1439ರಲ್ಲಿ ಒಬ್ಬರೂ ಹೋಗಲಿಲ್ಲ. ತಕ್ಕಡಿಯ ಒಂದು ತಟ್ಟೆಯಿಂದ ಮಾತ್ರ ತೂಕ ತೆಗೆದಂತಾಯಿತು.

ಹಂಚುವ ಲೆಕ್ಕ

ಎಸೆಯುವ ಬದಲು ಹಂಚಬಹುದು. ಬರುವೆನೆಂದು ಹೇಳಿ ಸ್ವಾತಂತ್ರ್ಯದ ಬಗ್ಗೆ ಬಾಯಿಬಿಡದ 159 ಮಂದಿಯನ್ನು, ಬರುವೆನೆಂದೇ ಹೇಳಿ ಸ್ಪಷ್ಟ ಉತ್ತರ ಕೊಟ್ಟವರ ಪ್ರಮಾಣದಲ್ಲಿ, ಅಂದರೆ 1439ಕ್ಕೆ 78ರಂತೆ ಹಂಚಿದರೆ ಸುಮಾರು 151 ಮತ್ತು 8 ಆಗುತ್ತದೆ. ಸ್ವಾತಂತ್ರ್ಯ ಬೇಕೆಂದು ಹೇಳಿ ಬರುವುದು ಗೊತ್ತಿಲ್ಲವೆಂದ 144 ಮಂದಿ 142 ಮತ್ತು 2 ಆಗುತ್ತಾರೆ. 54 ಮಂದಿ 45 ಮತ್ತು 9 ಆಗುತ್ತಾರೆ, 32 ಮಂದಿ ಸಮಪಾಲಾಗುತ್ತಾರೆ. ಎರಡಕ್ಕೂ ‘ಗೊತ್ತಿಲ್ಲ’ ಎಂದ 136 ಮಂದಿಯಿಂದ ಪ್ರಮಾಣ ಬದಲಾಗುವುದಿಲ್ಲವಾದ್ದರಿಂದ ಅವರನ್ನು ಒಟ್ಟು ಹಂಚಿಕೆಯಂತೆಯೇ ಇರಿಸಬಹುದು. ಮೊದಲ ಸುತ್ತಿಗೆ ಶೇ 89.4 ಬರುತ್ತದೆ. ಈಗ ಮನೆಗಳ ಪ್ರಮಾಣ ಬದಲಾಗಿರುವುದರಿಂದ ಹೊಸ ಪ್ರಮಾಣದಲ್ಲಿ ಮತ್ತೆ ಹಂಚಬೇಕು, ಅಂಕಿಗಳು ಅಲುಗಾಡದೆ ನಿಲ್ಲುವವರೆಗೆ ಇದನ್ನೇ ಮಾಡಬೇಕು. ಎರಡು ಮೂರು ಸುತ್ತಿನಲ್ಲೇ ಶೇ 89.2ರಲ್ಲಿ ನಿಲ್ಲುತ್ತದೆ. ಕಾಗದ ಪೆನ್ಸಿಲಿನಲ್ಲಿ ಅರ್ಧ ಗಂಟೆಯ ಕೆಲಸ.

ಇದರ ಹಿಂದಿರುವ ಊಹೆಯನ್ನು ರೂಬಿನ್ 1976ರಲ್ಲೇ ಸ್ಪಷ್ಟ ರೂಪದಲ್ಲಿ ಮಂಡಿಸಿದ್ದರು. ಒಬ್ಬ ವ್ಯಕ್ತಿ ಒಂದು ಪ್ರಶ್ನೆಗೆ ಉತ್ತರ ಕೊಡದಿರುವುದಕ್ಕೂ ಆ ಪ್ರಶ್ನೆಯ ಬಗ್ಗೆ ಅವನ ನಿಜವಾದ ನಿಲುವಿಗೂ ನೇರ ಸಂಬಂಧವಿಲ್ಲ. ಇದ್ದರೂ ಅದು ಅವನು ಕೊಟ್ಟಿರುವ ಇತರ ಉತ್ತರಗಳ ಮೂಲಕ ವಿವರಿಸಲು ಸಾಧ್ಯವಿರುವಷ್ಟು ಮಾತ್ರ. ಒಂದೇ ರೀತಿ ಉತ್ತರಿಸಿದ ಇಬ್ಬರಲ್ಲಿ ಒಬ್ಬ ಕೊನೆಯ ಪ್ರಶ್ನೆಗೆ ಮೌನವಾದರೆ, ಮೌನವಾದವನೂ ಮಾತನಾಡಿದವನೂ ಒಳಗೆ ಒಂದೇ ಬಗೆಯವರೆಂದು ತಿಳಿಯಬೇಕು.

ಹಾಗಾದರೆ ಕೊಟ್ಟಿರುವ ಇತರ ಉತ್ತರಗಳು ಎಷ್ಟು ಹೆಚ್ಚಿದ್ದರೆ ಊಹೆ ಅಷ್ಟು ನಂಬಲರ್ಹ. ಬದಿಗಿಟ್ಟಿದ್ದ ಬೇರ್ಪಡುವ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೇರ್ಪಡುವ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟ 1722 ಮಂದಿಯಲ್ಲಿ ‘ಇಲ್ಲ’ ಎಂದವರು 371, ಅಂದರೆ ಶೇ 21.5. ಆ 1722 ಮಂದಿಯೊಳಗೆ ಸ್ವಾತಂತ್ರ್ಯದ ಬಗ್ಗೆ ‘ಗೊತ್ತಿಲ್ಲ’ ಎಂದವರನ್ನಷ್ಟೇ ಹೆಕ್ಕಿದರೆ 97 ಮಂದಿ ಸಿಗುತ್ತಾರೆ. ಅವರಲ್ಲಿ ಬೇರ್ಪಡುವುದು ಬೇಡವೆಂದವರು 63, ಅಂದರೆ ಶೇ 65. ಸ್ವಾತಂತ್ರ್ಯದ ವಿಷಯದಲ್ಲಿ ಮೌನವಾಗಿದ್ದವರು ಉಳಿದವರ ಹಾಗೆ ಇರಲಿಲ್ಲ, ಯುಗೊಸ್ಲಾವಿಯಾದೊಳಗೇ ಉಳಿಯುವ ಕಡೆಗೆ ಒಲವಿದ್ದವರು ಅವರಲ್ಲಿ ಮೂರು ಪಟ್ಟು ದಟ್ಟವಾಗಿದ್ದರು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಇನ್ನೊಂದು ಕಡೆ, ಬರುವೆನೆಂದು ಸ್ವಾತಂತ್ರ್ಯದ ಪ್ರಶ್ನೆಗೂ ಸ್ಪಷ್ಟವಾಗಿ ಉತ್ತರಿಸಿದವರಲ್ಲಿ, ಬೇರ್ಪಡುವುದಕ್ಕೆ ‘ಹೌದು’ ಎಂದ ಗುಂಪಿನಲ್ಲಿ 1191 ಮಂದಿ ಸ್ವಾತಂತ್ರ್ಯದ ಪರ, 8 ಮಂದಿ ವಿರುದ್ಧ. ‘ಇಲ್ಲ’ ಎಂದ ಗುಂಪಿನಲ್ಲಿ 158 ಪರ, 68 ವಿರುದ್ಧ. ಮೊದಲ ಗುಂಪಿನ ಮೌನಿಯನ್ನು ಶೇ 99ರಂತೆ ‘ಹೌದು’ ಎನ್ನಬಹುದು, ಎರಡನೆಯ ಗುಂಪಿನ ಮೌನಿಯನ್ನು ಶೇ 70ರಂತೆ ಮಾತ್ರ. ಹೀಗೆ ಮೂರೂ ಪ್ರಶ್ನೆಗಳನ್ನು ಬಳಸಿ ಹಂಚಿದಾಗ ರೂಬಿನ್ ಮತ್ತು ಸಂಗಡಿಗರಿಗೆ ಬಂದ ಅಂದಾಜು ಶೇ 88.3.

ಡಿಸೆಂಬರ್ 23ರ ಫಲಿತಾಂಶ ಶೇ 88.5.

ಹೊಂದಿಕೆಯನ್ನು ಎಷ್ಟು ನಂಬುವುದು

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆಂದವಾಗಿ ಮುಗಿಯುತ್ತದೆ, ಆದರೆ ಪ್ರಕರಣ ಅಲ್ಲಿಗೆ ಮುಗಿಯುವುದಿಲ್ಲ. ಮೌನಕ್ಕೂ ನಿಲುವಿಗೂ ನೇರ ಸಂಬಂಧವಿದೆಯೆಂದು, ಅಂದರೆ ‘ಇಲ್ಲ’ ಎನ್ನುವ ಮನಸ್ಸಿರುವುದರಿಂದಲೇ ಜನ ‘ಗೊತ್ತಿಲ್ಲ’ ಎನ್ನುತ್ತಾರೆಂದು ಹಿಡಿಯುವ ಗಣಿತದ ಮಾದರಿಯನ್ನೂ ಅದೇ ಲೇಖಕರು ಪರೀಕ್ಷಿಸಿದರು. ಕೇಳುವುದಕ್ಕೆ ಅದು ಹೆಚ್ಚು ಲೋಕಜ್ಞಾನದ ಮಾತಿನಂತಿದೆ. ಎಲ್ಲರೂ ಸ್ವಾತಂತ್ರ್ಯವೆನ್ನುತ್ತಿರುವ ಊರಿನಲ್ಲಿ ವಿರೋಧಿಯೊಬ್ಬ ಸಮೀಕ್ಷೆಯವರ ಮುಂದೆ ಮೆತ್ತಗೆ ಜಾರಿಕೊಳ್ಳುವುದು ಸಹಜವಲ್ಲವೇ? ಆದರೆ ಆ ಮಾದರಿಯ ಅಂದಾಜು ಶೇ 78.2ಕ್ಕೆ ಇಳಿಯಿತು, ಫಲಿತಾಂಶದಿಂದ ಹತ್ತು ಅಂಶ ದೂರ. ಎಚ್ಚರದಿಂದ ನಡೆಸಿದ ಸಮೀಕ್ಷೆಯಲ್ಲಿ, ಮೌನದ ಪಾಲು ಮಿತವಾಗಿರುವಾಗ, ಹಂಚುವ ಲೆಕ್ಕದ ಹಿಂದಿರುವ ಸರಳ ಊಹೆಯಿಂದ ಆರಂಭಿಸುವುದೇ ವಿವೇಕವೆಂಬುದು ಅವರ ತೀರ್ಮಾನವಾಯಿತು.

2001ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಗೀರ್ಟ್ ಮೊಲೆನ್‌ಬರ್ಗ್ಸ್, ಮೈಕೆಲ್ ಕೆನ್‌ವರ್ಡ್ ಮತ್ತು ಎಲ್ಸ್ ಗೋಯೆಟ್‌ಗೆಬರ್ ಇದೇ ಕೋಷ್ಟಕವನ್ನು ಮತ್ತೆ ಕೈಗೆತ್ತಿಕೊಂಡರು. ಮೌನದ ಕಾರಣವನ್ನು ಬೇರೆ ಬೇರೆ ರೀತಿಯಲ್ಲಿ ಊಹಿಸುವ ಒಂಬತ್ತು ಮಾದರಿಗಳನ್ನು ಹೊಂದಿಸಿದಾಗ ಅಂದಾಜುಗಳು ಶೇ 74.1ರಿಂದ ಶೇ 89.2ರವರೆಗೆ ಹರಡಿಕೊಂಡವು. ಅವುಗಳಲ್ಲಿ ನಾಲ್ಕು ಮಾದರಿಗಳು ದತ್ತಾಂಶಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮಾನವಾಗಿ ಹೊಂದಿದ್ದವು, ಆದರೂ ಅವು ಕೊಟ್ಟ ಅಂಕಿಗಳು ಶೇ 74.1, 76.4, 81.9 ಮತ್ತು 86.7. ಅತ್ಯುತ್ತಮವಾಗಿ ಹೊಂದಿದ ನಾಲ್ಕೂ ನಿಜವಾದ ಫಲಿತಾಂಶಕ್ಕಿಂತ ಕೆಳಗೇ ಉಳಿದವು. ದತ್ತಾಂಶಕ್ಕೆ ಹೊಂದುವುದೆಂದರೆ ಕಣ್ಣಿಗೆ ಕಂಡ ಉತ್ತರಗಳಿಗೆ ಹೊಂದುವುದು. ಕಾಣದ ಉತ್ತರಗಳ ಬಗ್ಗೆ ಮಾದರಿ ಏನು ಹೇಳುತ್ತದೆಂಬುದನ್ನು ಕಂಡ ಉತ್ತರಗಳು ಪರೀಕ್ಷಿಸಲಾರವು. ಆದ್ದರಿಂದ ಒಂದೇ ಅಂಕಿಯನ್ನು ಕೊಡುವ ಬದಲು, ಒಪ್ಪಬಹುದಾದ ಊಹೆಗಳೆಲ್ಲ ಸೇರಿ ಕೊಡುವ ವ್ಯಾಪ್ತಿಯನ್ನು ಕೊಡಬೇಕೆಂದು ಅವರು ವಾದಿಸಿದರು. ಇಬ್ಬಗೆಯ ಲೇಖಕರಲ್ಲಿ ಯಾರು ಸರಿ ಎಂದು ಕೇಳಿದರೆ, ಲೆಕ್ಕದ ಪ್ರಾಮಾಣಿಕತೆಯ ದೃಷ್ಟಿಯಿಂದ ನಾನು ಎರಡನೆಯವರ ಕಡೆಗೆ ಒಲಿಯುತ್ತೇನೆ. ನಾಳೆ ಬೆಳಿಗ್ಗೆ ಒಂದೇ ಅಂಕಿ ಹೇಳಲೇಬೇಕೆಂದರೆ ಮೊದಲನೆಯವರ ವಿಧಾನವನ್ನೇ ಹಿಡಿಯುತ್ತೇನೆ.

ಶೇ 88.3 ಮತ್ತು 88.5ರ ಹೊಂದಿಕೆಯನ್ನು ಅತಿಯಾಗಿ ಮೆಚ್ಚಿಕೊಳ್ಳದಿರಲು ಇನ್ನೊಂದು ಕಾರಣವೂ ಇದೆ. ಅದೇ ಮೂರು ಪ್ರಶ್ನೆಗಳ ಹಂಚಿಕೆ, ಮತಗಟ್ಟೆಗೆ ಬಾರದವರ ಪಾಲನ್ನು ಶೇ 4.3 ಎಂದು ಅಂದಾಜಿಸಿತ್ತು. ನಿಜವಾಗಿ ಬಾರದಿದ್ದವರು ಶೇ 6.5ರಷ್ಟಿದ್ದರು. ಮುಖ್ಯ ಅಂಕಿ ಕರಾರುವಾಕ್ಕಾಗಿ ಕೂಡಿಬಂದಿದ್ದರೂ ಅದರ ಒಳಗಿನ ಒಂದು ಭಾಗ ಮೂರನೇ ಒಂದರಷ್ಟು ತಪ್ಪಿತ್ತು ಎಂದಾಯಿತು; ಬಂದು ‘ಇಲ್ಲ’ ಎಂದವರನ್ನು ಹೆಚ್ಚಾಗಿ ಅಂದಾಜಿಸಿದ್ದು ಅದನ್ನು ಸರಿದೂಗಿಸಿತು. ಬರುವೆನೆಂದು ಹೇಳುವುದು ಸುಲಭ, ಬರುವುದು ಕಷ್ಟ ಎಂಬ ಹಳೆಯ ಸಂಗತಿಯೂ ಇಲ್ಲಿ ಸೇರಿಕೊಂಡಿದೆ. ಸ್ಪಷ್ಟವಾಗಿ ‘ಹೌದು’ ಎಂದವರ ಮಾತನ್ನು ಮೇಲಿನ ಯಾವ ವಿಧಾನವೂ ಸಂಶಯಿಸುವುದಿಲ್ಲ, ಎಲ್ಲ ಸಂಶಯವನ್ನೂ ‘ಗೊತ್ತಿಲ್ಲ’ ಎಂದವರ ಮೇಲೆಯೇ ಹೊರಿಸುತ್ತದೆ. ಸಮೀಕ್ಷೆಗೂ ಮತದಾನಕ್ಕೂ ನಡುವಿನ ದಿನಗಳಲ್ಲಿ ಮನಸ್ಸು ಬದಲಾಯಿಸಿದವರ ಲೆಕ್ಕವೂ ಕೋಷ್ಟಕದಲ್ಲಿಲ್ಲ.

ಲೆಕ್ಕದಲ್ಲಿ ಸರಿಪಡಿಸುವುದಕ್ಕಿಂತ ಕೇಳುವಾಗಲೇ ಮೌನವನ್ನು ಕಡಿಮೆ ಮಾಡುವುದು ಯಾವಾಗಲೂ ಅಗ್ಗ. ನಮ್ಮ ದೇಶದಲ್ಲಿ ಲೋಕನೀತಿ ಸಂಸ್ಥೆಯ ಚುನಾವಣಾ ಅಧ್ಯಯನಗಳಲ್ಲಿ ಮತದ ಪ್ರಶ್ನೆಯನ್ನು ಬಾಯಿಮಾತಿನಲ್ಲಿ ಕೇಳದೆ, ಅಣಕು ಮತಪತ್ರ ಕೊಟ್ಟು ಪೆಟ್ಟಿಗೆಯಲ್ಲಿ ಹಾಕಿಸುವ ಪದ್ಧತಿ ಇದೇ ಉದ್ದೇಶದ್ದು. ಹೇಳಲು ಅಂಜುವವರ ಮೌನ ಅದರಿಂದ ಕರಗಬಹುದು, ನಿಜಕ್ಕೂ ತೀರ್ಮಾನಿಸದವರ ಮೌನ ಕರಗದು. ಅಂಥವರಿಗಾಗಿ ಸ್ಲೊವೇನಿಯಾದವರು ಮಾಡಿದಂತೆ ಮುಖ್ಯ ಪ್ರಶ್ನೆಗೆ ಅಂಟಿಕೊಂಡಿರುವ ಒಂದೆರಡು ಪಕ್ಕದ ಪ್ರಶ್ನೆಗಳನ್ನು ಕೇಳಿಟ್ಟುಕೊಳ್ಳುವುದೊಂದೇ ದಾರಿ. ಬೇರ್ಪಡುವ ಪ್ರಶ್ನೆಯೊಂದು ಹಾಳೆಯಲ್ಲಿ ಇರದಿದ್ದರೆ ಆ 63 ಮಂದಿ ಉಳಿದವರಂತೆಯೇ ಎಣಿಸಿಹೋಗುತ್ತಿದ್ದರು.

ಈ ಎಲ್ಲ ವಿಧಾನಗಳ ಕೈಗೂ ಸಿಗದೆ ಉಳಿದವರು ಮೂರು ಪ್ರಶ್ನೆಗಳಿಗೂ ‘ಗೊತ್ತಿಲ್ಲ’ ಎಂದ 96 ಮಂದಿ, ಒಟ್ಟಿನಲ್ಲಿ ಶೇ 4.6. ಹಂಚಿಕೆಯ ವಿಧಾನ ಅವರನ್ನು ಇಡೀ ನಾಡಿನ ಪಡಿಯಚ್ಚೆಂದು ಭಾವಿಸಿತು, ನಿರಾಶಾದಾಯಕ ಲೆಕ್ಕ ಅವರೆಲ್ಲರನ್ನೂ ‘ಇಲ್ಲ’ದ ಕಡೆಗೆ ಹಾಕಿತು. 1990ರ ಡಿಸೆಂಬರ್ 26ರಂದು ಫಲಿತಾಂಶ ಘೋಷಣೆಯಾಯಿತು, 1991ರ ಜೂನ್ 25ರಂದು ಸ್ಲೊವೇನಿಯಾ ಸ್ವತಂತ್ರವೆಂದು ಸಾರಿಕೊಂಡಿತು. ಆ 96 ಮಂದಿ ಭಾನುವಾರ ಮತಗಟ್ಟೆಗೆ ಹೋದರೇ, ಹೋಗಿದ್ದರೆ ಚೀಟಿಯಲ್ಲಿ ಏನನ್ನು ಗುರುತಿಸಿದರು ಎಂಬುದು ಗುಪ್ತ ಮತದಾನದ ನಿಯಮದಂತೆ ಅವರಿಗೆ ಮಾತ್ರ ತಿಳಿದಿದೆ.